ನನ್ನ ಕೈಯಳತೆಯ ಹಿಡಿ

ಜೂನ್ 11

ಅಪ್ಪನಿಗೆ,

ಇಲ್ಲಿ ಭಾನುವಾರ ಒಬ್ಬೊಬ್ಬರಿಗೆ ಎರಡು ಹಾಳೆ ಕೊಟ್ಟು, ಮನೆಗೆ ಪತ್ರ ಬರೆಯಿರಿ ಎನ್ನುತ್ತಾರೆ. ಹಾಳೆ ಕೊಡುವಾಗ ವಾರ್ಡನ್ ಅಮ್ಮ, ಮಾಡಿದ್ದಕ್ಕೆ ಕ್ಷಮೆ ಕೇಳಿ ಬರೆ ಎಂದರು. ಯಾರು ಯಾರನ್ನು ಕೇಳಬೇಕು ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಬಾಲಕಿಯರ ಗೃಹಕ್ಕೆ ಬಂದ ಮೊದಲ ವಾರವೇ ಬಾಯಿ ಜೋರು ಎಂಬ ಹೆಸರು ಬೇಡ ಅನ್ನಿಸಿತು.

ನೀವು ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನು ನನಗೆ ಓದಿ ಹೇಳಿದರು. ಪಿಸ್ತೂಲು ಬೀರುವಿನಲ್ಲಿತ್ತಂತೆ. ಮಗಳು ನಿಮಗೆ ಗೊತ್ತಿಲ್ಲದ ಹಾಗೆ ಕದ್ದೊಯ್ದಳಂತೆ. ಆ ಬೀರುವಿನ ಬೀಗದ ಕೈಯನ್ನು ನೀವು ಸ್ನಾನಕ್ಕೆ ಹೋಗುವಾಗಲೂ ಕೊರಳಿನಿಂದ ತೆಗೆಯುವುದಿಲ್ಲ ಎಂಬುದು ಅಮ್ಮನಿಗೆ ಗೊತ್ತು, ನನಗೆ ಗೊತ್ತು, ನಿಮ್ಮ ಕ್ಲಬ್ಬಿಗೆ ಗುರಿ ಹೊಡೆಯುವುದನ್ನು ಕಲಿಯಲು ಬರುವ ಮಕ್ಕಳಿಗೆಲ್ಲ ಗೊತ್ತು. ಸುಳ್ಳು ಹೇಳುವುದೇ ಆದರೆ ಸ್ವಲ್ಪ ಮರ್ಯಾದೆಯ ಸುಳ್ಳನ್ನಾದರೂ ಹೇಳಬಾರದಿತ್ತೇ?

ಮರೆತಿದ್ದರೆ ಜ್ಞಾಪಿಸುತ್ತೇನೆ. ಆ ದಿನ ಬೆಳಿಗ್ಗೆ ಪಿಸ್ತೂಲನ್ನು ನನ್ನ ಶಾಲೆಯ ಬ್ಯಾಗಿಗೆ ಹಾಕಿದ್ದು ನೀವೇ, ಭೂಗೋಳದ ಪುಸ್ತಕದ ಹಿಂದೆ. ಶಾಲೆಯಿಂದ ನೇರವಾಗಿ ಕ್ಲಬ್ಬಿಗೆ ಬಾ, ಮನೆಗೆ ಬಂದು ಹೋಗುವ ಹೊತ್ತಿನಲ್ಲಿ ಇನ್ನಷ್ಟು ಅಭ್ಯಾಸವಾಗುತ್ತದೆ ಎಂದಿರಿ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ನೀವೇ ತೆಗೆದುಕೊಂಡು ಹೋಗಬಾರದೇ ಎಂದು ಅಮ್ಮ ಕೇಳಿದ್ದಕ್ಕೆ, ಪೆಟ್ಟಿಗೆ ಬೀಗ ಎಲ್ಲ ಕೈ ನಡುಗುವವರಿಗೆ, ನನ್ನ ಮಗಳಿಗಲ್ಲ ಎಂದು ಮೂಗು ಮುರಿದಿರಿ. ನಾನೂ ಉಬ್ಬಿಹೋದೆ.

ಊಟಕ್ಕೆ ಮೊದಲಿನ ತರಗತಿಯಲ್ಲಿ ಯಾರದೋ ವಾಚು ಕಳೆದುಹೋಯಿತೆಂದು ವಿಜ್ಞಾನದ ಮೇಡಂ ಎಲ್ಲರ ಬ್ಯಾಗು ನೋಡುತ್ತಾ ಬಂದರು. ನಿನ್ನದರಲ್ಲಿ ಏನಿದೆ ಎಂದು ಕೇಳಿದರು. ಬೇರೆ ಹುಡುಗಿಯಾಗಿದ್ದರೆ ಪುಸ್ತಕ ಮೇಡಂ ಎಂದು ಹಲ್ಲು ಕಿರಿದು ಪಾರಾಗುತ್ತಿದ್ದಳು. ನಾನು ಮಾತ್ರ, ನೀವು ಚಿಕ್ಕಂದಿನಿಂದ ತಲೆಗೆ ತುಂಬಿದ ಹಾಗೆಯೇ ಮಾಡಿದೆ. ಜವಾಬ್ದಾರಿಯಲ್ಲಿರುವವರು ಕೇಳಿದರೆ ಮುಚ್ಚಿಡಬಾರದು. ಹೊರಗೆ ತೆಗೆ, ನಳಿಗೆ ಗೋಡೆಯ ಕಡೆಗಿರಲಿ, ಮ್ಯಾಗಜಿನ್ ಬಿಚ್ಚು, ಒಳಗೆ ಗುಂಡಿಲ್ಲವೆಂದು ತೋರಿಸು, ಮೇಜಿನ ಮೇಲಿಟ್ಟು ಹಿಂದೆ ಸರಿ, ಎರಡೂ ಅಂಗೈ ಕಾಣಿಸು. ಒಂದೂ ತಪ್ಪಲಿಲ್ಲ. ಕ್ಲಬ್ಬಿನಲ್ಲಾಗಿದ್ದರೆ ಶಹಭಾಸ್ ಎನ್ನುತ್ತಿದ್ದಿರಿ. ಇಲ್ಲಿ ಮೇಡಂ ಮೇಜಿನ ಅಡಿಗೆ ಹೋದರು. ಹಿಂದಿನ ಬೆಂಚಿನವರು ಕಿಟಕಿಯಿಂದ ಹಾರಿದರು, ಒಬ್ಬಳ ಕಾಲು ಉಳುಕಿತು. ಆಯುಧ ತೋರಿಸಿ ಬೆದರಿಸಿದಳು ಎಂದು ನನ್ನ ಮೇಲೆ ಬರೆದುಕೊಂಡಿದ್ದಾರೆ. ನಿಜವಾದ ಕಳ್ಳಿಯಾಗಿದ್ದರೆ ನಾನು ಆ ಸಂಜೆ ಮನೆಯಲ್ಲಿರುತ್ತಿದ್ದೆ.

ಬೇಗ ಬಂದು, ಕೊಟ್ಟಿದ್ದು ನಾನೇ ಎಂದು ಹೇಳಿಬಿಡಿ. ಇಲ್ಲಿಯ ಹಾಸಿಗೆಯಲ್ಲಿ ತಿಗಣೆ ಇದೆ.

ಇಂತಿ,
ನಿಮ್ಮ ಹೇಳಿಕೆಯೊಳಗಿನ ಕಳ್ಳಿ


ಜೂನ್ 23

ಮರಿ,

ನಿನ್ನ ಪತ್ರ ತಲುಪಿತು. ಅಕ್ಷರ ಕೆಟ್ಟಿದೆ. ಕೈ ಸಡಿಲ ಬಿಡಬೇಡ, ಅಲ್ಲಿಯೂ ಬೆಳಿಗ್ಗೆ ಎದ್ದು ಮಣಿಕಟ್ಟಿನ ವ್ಯಾಯಾಮ ಮಾಡು.

ನಿನಗಾದದ್ದು ಅನ್ಯಾಯ ಎಂಬುದರಲ್ಲಿ ಎರಡು ಮಾತಿಲ್ಲ. ಖಾಲಿ ಪಿಸ್ತೂಲು ನೋಡಿ ಮೇಜಿನ ಅಡಿಗೆ ನುಗ್ಗುವವರು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಾರಂತೆ. ಆ ಹೆಂಗಸು ನಿನ್ನ ನಡೆ ನೋಡಿ ಕಲಿಯಬೇಕಿತ್ತು. ಇನ್ನು ಈ ಕಾಯಿದೆ. ಹದಿನೆಂಟು ತುಂಬದವರ ಬಳಿ ಪಿಸ್ತೂಲು ಇರಕೂಡದಂತೆ. ಹುಟ್ಟುಹಬ್ಬದ ಹಿಂದಿನ ದಿನ ನಡುಗುವ ಕೈ ಮಾರನೆಯ ದಿನ ಬೆಳಿಗ್ಗೆ ಗಟ್ಟಿಯಾಗಿಬಿಡುತ್ತದೆಯೇ? ಕ್ಲಬ್ಬಿಗೆ ಬರುವ ನಲವತ್ತು ದಾಟಿದ ಗಂಡಸರು ನಳಿಗೆಯನ್ನು ತಮ್ಮ ಕಾಲಿಗೇ ತಿರುಗಿಸಿಕೊಂಡು ನಿಲ್ಲುತ್ತಾರೆ, ಅವರಿಗೆ ಪರವಾನಗಿ ಇದೆ. ಬಂದೂಕನ್ನು ಮೆರವಣಿಗೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲದವರು ಕುರ್ಚಿಯಲ್ಲಿ ಕೂತು ಬರೆದ ಕಾಯಿದೆ ಇದು. ಇದಕ್ಕೆ ನಾನು ಯಾವತ್ತೂ ಸೊಪ್ಪು ಹಾಕಿದವನಲ್ಲ.

ಹೇಳಿಕೆಯ ವಿಷಯ. ನೀನು ಬುದ್ಧಿವಂತೆ, ಯೋಚಿಸು. ನಾನೇ ಕೊಟ್ಟೆ ಎಂದರೆ ನನಗೆ ಜೈಲು, ಕ್ಲಬ್ಬಿಗೆ ಬೀಗ, ನಮ್ಮೆಲ್ಲರ ಅನ್ನಕ್ಕೆ ಕಲ್ಲು. ನೀನೇ ತೆಗೆದುಕೊಂಡೆ ಎಂದರೆ ಅಲ್ಲಿ ಒಂದಿಷ್ಟು ಬುದ್ಧಿವಾದ ಕೇಳಿಸಿಕೊಂಡು ಬರುತ್ತೀಯೆ. ಹದಿನೆಂಟು ತುಂಬಿದ ಮೇಲೆ ಮಕ್ಕಳ ದಾಖಲೆಯನ್ನು ಯಾರೂ ತೆಗೆದು ನೋಡುವ ಹಾಗಿಲ್ಲ ಎಂದು ನಮ್ಮ ವಕೀಲರು ಹೇಳಿದ್ದಾರೆ. ನಿನಗೆ ತಟ್ಟದ್ದು ನನಗೆ ತಟ್ಟುತ್ತದೆ. ಅದಕ್ಕೇ ಹಾಗೆ ಹೇಳಿದೆ, ಬೇರೆ ಏನೂ ಅಲ್ಲ.

ತಿಗಣೆಗೆ ಹಾಸಿಗೆಯನ್ನು ಬಿಸಿಲಿಗೆ ಹಾಕು.

ನಿನ್ನ ಒಳ್ಳೆಯದನ್ನೇ ಯೋಚಿಸುವ,
ಅಪ್ಪ


ಜುಲೈ 16

ಅಪ್ಪನಿಗೆ,

ನಿಮ್ಮ ವಕೀಲರು ನಿಮಗೆ ವಕೀಲರು, ನನಗಲ್ಲ. ನನಗೆ ಈ ಗೃಹದವರು ಒಬ್ಬ ವಕೀಲಮ್ಮನನ್ನು ಗೊತ್ತುಮಾಡಿಕೊಟ್ಟಿದ್ದಾರೆ. ಅವರು ಮಾಡಿದ ಮೊದಲ ಕೆಲಸವೆಂದರೆ ಆ ಕಾಯಿದೆಯನ್ನೇ ನನ್ನ ಕೈಗೆ ಕೊಟ್ಟು ಓದು ಎಂದದ್ದು. ನೀವು ಊಟಕ್ಕೆ ಕೂತಾಗಲೆಲ್ಲ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದಿರಲ್ಲ, ಅದು ಇಷ್ಟೇ ತೆಳ್ಳಗಿನ ಪುಸ್ತಕ ಎಂದು ನನಗೆ ಗೊತ್ತಿರಲಿಲ್ಲ. ನಿಮಗೂ ಗೊತ್ತಿರಲಿಕ್ಕಿಲ್ಲ. ಓದಿದ್ದರೆ ಇಷ್ಟು ಬೈಯುವುದಕ್ಕೆ ಅದರಲ್ಲಿ ವಿಷಯ ಸಿಗುತ್ತಿರಲಿಲ್ಲ.

ಹದಿನೆಂಟರ ಒಳಗಿನವರು ನೋಂದಾಯಿಸಿದ ಕ್ಲಬ್ಬಿನ ಒಳಗೆ, ದೊಡ್ಡವರ ಕಣ್ಣೆದುರಿನಲ್ಲಿ ಪಿಸ್ತೂಲು ಹಿಡಿಯಬಹುದು. ದಾರಿಯಲ್ಲಿ ಅದು ಖಾಲಿಯಾಗಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ದೊಡ್ಡವರ ಕೈಯಲ್ಲಿರಬೇಕು. ಅಷ್ಟೇ. ನಮ್ಮ ಯಾವ ಆಟವನ್ನೂ ಯಾರೂ ನಿಲ್ಲಿಸಿರಲಿಲ್ಲ. ನೀವು ಆ ಪೆಟ್ಟಿಗೆ ಹಿಡಿದುಕೊಂಡು ಶಾಲೆಯ ಗೇಟಿನ ಹತ್ತಿರ ನಿಂತಿದ್ದರೆ ಸಾಕಿತ್ತು. ಅದು ನಿಮ್ಮ ದೊಡ್ಡಸ್ತಿಕೆಗೆ ಕಡಿಮೆಯಾಯಿತು.

ಈಗ ನಿಮ್ಮ ಲೆಕ್ಕ ಎಲ್ಲಿ ತಪ್ಪಿದೆ ಎಂದು ಕೇಳಿ. ಬರೀ ಪಿಸ್ತೂಲು ಇಟ್ಟುಕೊಂಡಿದ್ದಳು ಎಂದಷ್ಟೇ ಆಗಿದ್ದರೆ ನೀವು ಹೇಳಿದಂತೆ ಬುದ್ಧಿವಾದದಲ್ಲಿ ಮುಗಿಯುತ್ತಿತ್ತು. ಆದರೆ ನನ್ನ ಹಾಗೆ ಹದಿನಾರು ದಾಟಿದವರು ಆಯುಧವನ್ನು ಕದ್ದು, ಅದನ್ನೇ ತೋರಿಸಿ ಬೆದರಿಸಿದರೆ ಅವರನ್ನು ಮಕ್ಕಳ ಮಂಡಳಿಯಿಂದ ದೊಡ್ಡವರ ನ್ಯಾಯಾಲಯಕ್ಕೆ ಕಳಿಸಬಹುದು. ಅಲ್ಲಿ ದಾಖಲೆ ಅಳಿಸುವ ಮಾತಿಲ್ಲ. ಅಲ್ಲಿಂದ ಹೋಗುವುದು ಹೆಂಗಸರ ಜೈಲಿಗೆ, ತಿಂಗಳ ಲೆಕ್ಕದಲ್ಲಿ ಅಲ್ಲ. ಬೆದರಿಕೆ ಎಂಬುದನ್ನು ವಕೀಲಮ್ಮ ಹೇಗೋ ಎದುರಿಸುತ್ತಾರಂತೆ. ಕಳ್ಳತನ ಎಂಬುದನ್ನು ತೆಗೆಯಲು ಅವರ ಕೈಲಾಗುವುದಿಲ್ಲ. ಅದನ್ನು ಹಾಕಿದವರೇ ತೆಗೆಯಬೇಕು. ಅಪ್ಪನೇ ಕೊಟ್ಟರು ಎಂದು ನಾನು ಹೇಳಿದರೆ, ಸಿಕ್ಕಿಬಿದ್ದ ಮಕ್ಕಳೆಲ್ಲ ಹೇಳುವುದು ಅದನ್ನೇ ಎನ್ನುತ್ತಾರೆ.

ಅಮ್ಮ ಬಂದಿದ್ದಳು. ಸೋಪು, ಎರಡು ಟವೆಲ್ಲು ತಂದಿದ್ದಳು. ಅಪ್ಪ ಏನಂತಾರೆ ಎಂದು ಕೇಳಿದೆ. ಸೋಪಿನ ಕಾಗದ ಬಿಡಿಸುತ್ತಾ ಕೂತಳು.

ಇಂತಿ,
ಮಗಳು


ಆಗಸ್ಟ್ 9

ಮರಿ,

ನಿನ್ನ ಪತ್ರಕ್ಕೆ ಕೂಡಲೇ ಉತ್ತರಿಸಲಾಗಲಿಲ್ಲ. ಕ್ಲಬ್ಬಿನ ವಾರ್ಷಿಕ ಸ್ಪರ್ಧೆಯ ಓಡಾಟವಿತ್ತು. ನೀನಿಲ್ಲದೆ ಹುಡುಗಿಯರ ವಿಭಾಗದಲ್ಲಿ ನಮಗೆ ಎರಡನೇ ಸ್ಥಾನ. ಗೆದ್ದವಳ ಉಸಿರಾಟ ನೋಡಿದರೆ ನಗು ಬರುತ್ತದೆ, ಮೀನಿನ ಹಾಗೆ ಬಾಯಿ ಬಿಡುತ್ತಾಳೆ.

ನಾನು ಕೈಕಟ್ಟಿ ಕೂತಿಲ್ಲ. ಮೇಲಿನವರೊಬ್ಬರನ್ನು ಕಂಡು ಮಾತಾಡಿದ್ದೇನೆ. ಅವರು ನೋಡೋಣ ಎಂದಿದ್ದಾರೆ. ಅಲ್ಲಿಯವರೆಗೆ ನೀನು ಯಾರ ಮುಂದೆಯೂ ಬಾಯಿ ಬಿಡಬೇಡ. ಆ ವಕೀಲಮ್ಮ ಬಿಟ್ಟಿ ಸಿಕ್ಕವರು, ಅವರ ಮಾತಿಗೆ ತಲೆದೂಗಬೇಡ. ಪುಸ್ತಕ ಓದಿ ಕಾನೂನು ಗೊತ್ತಾಗುವುದಾದರೆ ವಕೀಲರೇ ಬೇಕಿರಲಿಲ್ಲ.

ಮಳೆಗೆ ಚಳಿಯಾಗುತ್ತದೆ, ಸ್ವೆಟರ್ ಕಳಿಸಿದ್ದೇನೆ.

ಅವಸರದಲ್ಲಿ,
ಅಪ್ಪ


ಆಗಸ್ಟ್ 27

ಅಪ್ಪನಿಗೆ,

ಸ್ವೆಟರ್ ಬಂತು. ತೋಳು ಗಿಡ್ಡ. ನಾನು ಬೆಳೆದಿದ್ದೇನೆ, ನಿಮಗೆ ಯಾರೂ ಹೇಳಿರಲಿಕ್ಕಿಲ್ಲ.

ತಿಂಗಳಿಗೊಮ್ಮೆ ಇಲ್ಲಿ ಮನೆಯವರನ್ನು ಒಳಗೆ ಬಿಡುತ್ತಾರೆ. ಊಟದ ಹಾಲಿನಲ್ಲೇ ಬೆಂಚು ಜೋಡಿಸುತ್ತಾರೆ. ನನ್ನ ಪಕ್ಕದ ಮಂಚದವಳು ಮೊಬೈಲು ಕದ್ದು ಬಂದವಳು. ಅವಳಪ್ಪ ಕುಡುಕ, ಎರಡು ಕಾಲಿಗೂ ಬೇರೆ ಬೇರೆ ಚಪ್ಪಲಿ ಹಾಕಿಕೊಂಡು ಬಂದಿದ್ದ. ವಾರ್ಡನ್ ಎದುರಿಗೇ ಕೈಮುಗಿದು, ನಾನು ಸರಿಯಾಗಿ ಸಾಕಲಿಲ್ಲ ಅಮ್ಮಾ, ಅವಳದೇನೂ ತಪ್ಪಿಲ್ಲ ಎಂದು ಗೋಳಾಡಿದ. ಅವಳಿಗೆ ನಾಚಿಕೆಯಾಗಿ ತಲೆ ಬಗ್ಗಿಸಿ ಕೂತಳು. ಅವನು ಹೋದ ಮೇಲೆ ನನ್ನನ್ನು ಕೇಳಿದಳು, "ನಿಮ್ಮಪ್ಪ ಏನು ಕೆಲಸ?" ಮಕ್ಕಳಿಗೆ ಧೈರ್ಯ ಕಲಿಸುತ್ತಾರೆ ಎಂದೆ. ಕ್ಲಬ್ಬಿನ ಬೋರ್ಡಿನ ಮೇಲೆ ನೀವು ಬರೆಸಿರುವುದು ಅದೇ ತಾನೇ.

ಬೇಡದ ಮಾತು ಬರೆಯುವುದಿಲ್ಲ. ನನಗೆ ಭಯವಾಗಿದೆ ಅಪ್ಪ. ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ.

ಇಂತಿ,
ಮಗಳು


ಸೆಪ್ಟೆಂಬರ್ 21

ಮರಿ,

ಇದನ್ನು ಎಚ್ಚರದಿಂದ ಓದಿ ಹರಿದುಹಾಕು.

ಮೇಲಿನವರು ಕೈ ಚೆಲ್ಲಿದರು. ಯೋಗ್ಯತೆ ಇಲ್ಲದವರನ್ನು ಮೇಲಕ್ಕೆ ಕೂರಿಸಿದರೆ ಹೀಗೇ. ಈಗ ಹೊಸದೊಂದು ತಗಾದೆ ತೆಗೆದಿದ್ದಾರೆ. ಪಿಸ್ತೂಲನ್ನು ಪರೀಕ್ಷೆಗೆ ಕಳಿಸಿದ್ದರಲ್ಲ, ಅದರ ಮರದ ಹಿಡಿಯನ್ನು ಚಿಕ್ಕದು ಮಾಡಲಾಗಿದೆ, ಮಾಡಿದವರು ಯಾರು ಎಂದು ಕೇಳುತ್ತಿದ್ದಾರೆ. ಕ್ಲಬ್ಬಿನ ಪಿಸ್ತೂಲನ್ನು ಕ್ಲಬ್ಬಿನೊಳಗೆ ಮಕ್ಕಳು ಹಿಡಿಯಬಹುದು, ಆದರೆ ಒಂದು ಮಗುವಿನ ಕೈಗೆಂದೇ ಒಂದನ್ನು ಸಿದ್ಧಪಡಿಸಿದರೆ ಅದನ್ನು ಆ ಮಗುವಿಗೆ ಕೊಟ್ಟ ಹಾಗೆಯೇ ಎಂದು ಅವರ ವಾದ. ನಾನು ಮಾಡಿದ್ದು ಎಂದರೆ ಮಿಕ್ಕಿದ್ದೆಲ್ಲ ತಾನಾಗಿ ನನ್ನ ತಲೆಗೆ ಬರುತ್ತದೆ.

ನೀನು ಹೇಳಬೇಕಾದದ್ದು ಒಂದೇ ಮಾತು. ಹಿಡಿಯನ್ನು ನಾನೇ ಕೆತ್ತಿಕೊಂಡೆ ಎನ್ನು. ಹೇಗೆ ಎಂದರೆ ಮನೆಯಲ್ಲಿದ್ದ ಚಾಕುವಿನಲ್ಲಿ ಎನ್ನು. ಅವರಿಗೇನು ತಿಳಿಯುತ್ತದೆ, ಬೀಟೆ ಮರಕ್ಕೂ ಸಾದಾ ಹಲಗೆಗೂ ವ್ಯತ್ಯಾಸ ಗೊತ್ತಿಲ್ಲದ ಜನ. ನಿನ್ನ ಕೈಯನ್ನು ಜೇಡಿಮಣ್ಣಿನ ಮುದ್ದೆಯ ಮೇಲೆ ಒತ್ತಿಸಿ ಅಚ್ಚು ತೆಗೆದದ್ದು, ಬೆರಳಿನ ಒಂದೊಂದು ಗೆಣ್ಣಿಗೂ ತಗ್ಗು ಕೊಟ್ಟದ್ದು, ಎಣ್ಣೆ ಕುಡಿಸಿ ಕುಡಿಸಿ ಆ ಬಣ್ಣ ತಂದದ್ದು ಅವರ ಅಪ್ಪನಾಣೆಗೂ ಅರ್ಥವಾಗುವುದಿಲ್ಲ.

ವಿಚಾರಣೆಯ ದಿನ ನಾನು ಬರುತ್ತೇನೆ. ತಂದೆ ತಾಯಿಯಲ್ಲಿ ಒಬ್ಬರು ಕೂರಲೇಬೇಕಂತೆ. ಧೈರ್ಯವಾಗಿರು.

ಅಪ್ಪ


ಅಕ್ಟೋಬರ್ 8

ಅಪ್ಪನಿಗೆ,

ಆಗಲಿ. ನೀವು ಹೇಳಿಕೊಟ್ಟ ಹಾಗೆಯೇ ಹೇಳುತ್ತೇನೆ.

ನೀವು ಬಂದು ಸುಮ್ಮನೆ ಕೂತರೆ ಸಾಕು. ತನ್ನ ಮೇಲೆ ತಾನೇ ಸಾಕ್ಷಿ ಹೇಳು ಎಂದು ಯಾರನ್ನೂ ಒತ್ತಾಯಿಸುವ ಹಾಗಿಲ್ಲ, ಅದೂ ಪುಸ್ತಕದಲ್ಲಿದೆ. ನೀವು ಬೈದ ಕಾನೂನು ನಿಮ್ಮನ್ನು ಎಷ್ಟು ಮುದ್ದು ಮಾಡುತ್ತದೆ ನೋಡಿ.

ಪತ್ರವನ್ನು ಹರಿದುಹಾಕಿದ್ದೇನೆ. ವಕೀಲಮ್ಮನಿಗೂ ತೋರಿಸಲಿಲ್ಲ.

ಇಂತಿ,
ಮಗಳು


ನವೆಂಬರ್ 2

ಅಪ್ಪನಿಗೆ,

ನಿಮ್ಮನ್ನು ಇಟ್ಟಿರುವ ಜಾಗದ ವಿಳಾಸವನ್ನು ಅಮ್ಮ ಕೊಟ್ಟಳು. ನಾನು ಈಗ ಮನೆಯಲ್ಲಿದ್ದೇನೆ. ಕಳ್ಳತನದ ಆರೋಪ ಬಿತ್ತು, ಹಾಗಾಗಿ ದೊಡ್ಡ ನ್ಯಾಯಾಲಯಕ್ಕೆ ಕಳಿಸುವ ಮಾತೂ ಬಿತ್ತು. ಮಿಕ್ಕಿದ್ದನ್ನು ಮಕ್ಕಳ ಮಂಡಳಿಯೇ ನೋಡುತ್ತದೆ. ಅಮ್ಮನ ಜವಾಬ್ದಾರಿಯಲ್ಲಿ ಬಿಟ್ಟಿದ್ದಾರೆ. ಆಯುಧದ ಹತ್ತಿರ ಸುಳಿಯಬಾರದು ಎಂದರು, ಅದಕ್ಕೆ ಅವರು ಹೇಳಿ ಮುಗಿಸುವ ಮೊದಲೇ ಒಪ್ಪಿದೆ.

ಆ ದಿನ ನೀವು ಅಲ್ಲಿಯೇ ಇದ್ದಿರಿ. ಆದರೂ ನಡೆದದ್ದು ನಿಮಗೆ ಪೂರ್ತಿ ತಿಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಕ್ಕಳ ಮಂಡಳಿ ಎಂದರೆ ಏನೋ ಎಂದುಕೊಂಡಿದ್ದೆ, ನಮ್ಮ ಶಾಲೆಯ ಮೇಷ್ಟ್ರುಗಳ ಕೋಣೆಯ ಹಾಗಿತ್ತು. ಉದ್ದ ಮೇಜು, ನೀರಿನ ಜಗ್ಗು, ನ್ಯಾಯಾಧೀಶೆಯ ಅಕ್ಕಪಕ್ಕ ಇಬ್ಬರು ಸದಸ್ಯರು. ಪಿಸ್ತೂಲು ಪ್ಲಾಸ್ಟಿಕ್ ಚೀಲದಲ್ಲಿ ಚೀಟಿ ಕಟ್ಟಿಸಿಕೊಂಡು ಬಿದ್ದಿತ್ತು. ನೀವು ಗೋಡೆಯ ಪಕ್ಕದ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಕ್ಲಬ್ಬಿನ ಕೋಟು ಹಾಕಿಕೊಂಡು ನೆಲ ನೋಡುತ್ತಿದ್ದಿರಿ. ನಾನು ಒಳಗೆ ಬಂದಾಗಲೂ ತಲೆ ಎತ್ತಲಿಲ್ಲ. ಸರ್ಕಾರಿ ವಕೀಲರು ಪಿಸ್ತೂಲನ್ನು ಹಿಡಿದು ತೋರಿಸಲು ಹೋದರು, ಅವರ ಬೆರಳು ಆ ಹಿಡಿಯಲ್ಲಿ ಕೂರಲೇ ಇಲ್ಲ. ಇದನ್ನು ಹೀಗೆ ಮಾಡಿದ್ದು ಯಾರು ಎಂದು ನ್ಯಾಯಾಧೀಶೆ ನನ್ನನ್ನು ಕೇಳಿದರು. ಅಪ್ಪ ಎನ್ನುತ್ತೇನೆ ಎಂದು ವಕೀಲಮ್ಮ ಕಾಯುತ್ತಿದ್ದರು. ನಾನೇ ಮಾಡಿದ್ದು ಎಂದೆ. ಅವರ ಕೈಯಿಂದ ಪೆನ್ನು ಬಿತ್ತು. ನೀವು ಉಸಿರು ಬಿಟ್ಟದ್ದು ನನ್ನವರೆಗೆ ಕೇಳಿಸಿತು.

ಅಲ್ಲಿಗೆ ನಿಮ್ಮ ಪಾಠ ಮುಗಿದಿತ್ತು. ಆಮೇಲಿನದು ನನ್ನ ಸ್ವಂತದ್ದು.

ಹೇಗೆ ಮಾಡಿದೆ ಎಂದರು. "ಅಡುಗೆಮನೆ ಚಾಕುವಿನಲ್ಲಿ ಕೆತ್ತಿದೆ ಮೇಡಂ, ಒಂದು ಮಧ್ಯಾಹ್ನ ಕೂತು. ನೋಡಿದ್ರೇ ಗೊತ್ತಾಗುತ್ತಲ್ಲ, ಎಷ್ಟು ಒರಟಾಗಿದೆ ಅಂತ. ಕೆಲಸ ಗೊತ್ತಿರೋರು ಯಾರೂ ಇಷ್ಟು ಹಾಳು ಮಾಡಲ್ಲ."

ನಿಮ್ಮ ತಲೆ ಆಗ ಮೇಲೆ ಬಂತು. ಐದು ತಿಂಗಳಲ್ಲಿ ಮೊದಲ ಸಲ ನನ್ನನ್ನು ನೋಡಿದಿರಿ. ನ್ಯಾಯಾಧೀಶೆ ಅದನ್ನು ತಿರುಗಿಸಿ ನೋಡಿ, ಹೌದು, ಒರಟೇ ಎಂದರು. ಪಾಪ, ಅವರಿಗೆ ಮರದ ಕೆಲಸ ಗೊತ್ತಿಲ್ಲ. ಸರ್ಕಾರಿ ವಕೀಲರು ನಗುತ್ತಾ, ಮರಿ ಇಲಿ ಕಡಿದ ಹಾಗಿದೆ ಎಂದರು. ಸದಸ್ಯರಿಬ್ಬರೂ ನಕ್ಕರು. ನಾನೂ ನಕ್ಕೆ.

ನೀವು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಒರಟು ಅಂದ್ರೆ ಏನ್ರೀ? ಚಾಕುವಿನಲ್ಲಿ ಆಗೋ ಕೆಲಸಾನಾ ಅದು? ಅವಳ ಕೈ ಅಚ್ಚು ತಗೊಂಡು, ಅರದಲ್ಲಿ ಉಜ್ಜಿ ಉಜ್ಜಿ ನಾನು ಮಾಡಿದ್ದು. ಇನ್ನೊಬ್ಬ ಮಾಡಿ ತೋರಿಸಲಿ ನೋಡೋಣ."

ನಿಮ್ಮ ವಕೀಲರು ಹಣೆಗೆ ಕೈ ಇಟ್ಟುಕೊಂಡರು. ನ್ಯಾಯಾಧೀಶೆ ಮಾತ್ರ ಮೆಲ್ಲಗೆ, ಯಾರ ಕೈ ಅಚ್ಚು ಎಂದು ಕೇಳಿದರು. ಮಗಳದು ಎಂದಿರಿ. "ಅಂದ ಮೇಲೆ ಅದು ಅವಳದೇ. ಅವಳದನ್ನು ಅವಳು ಕದ್ದಳು ಅಂತ ಬರೆಸಿದ್ದೀರಲ್ಲ?" ಎಂದರು ಅವರು. ಆಗ ನಿಮಗೆ ನೀವು ಎದ್ದು ನಿಂತಿರುವುದು ಗೊತ್ತಾಯಿತು. ಬಿದ್ದ ಕುರ್ಚಿಯನ್ನು ಎತ್ತಿ ಕೂರಲು ಹೋದಿರಿ, ಇನ್ನೇನು ಕೂರುವುದು. ಆ ಬೆಳಿಗ್ಗೆ ಬ್ಯಾಗಿಗೆ ಹಾಕಿದ್ದೂ ನೀವೇ ತಾನೇ ಎಂದು ಅವರು ಕೇಳಿದಾಗ ಹೌದೆಂದು ತಲೆ ಆಡಿಸಿದಿರಿ.

ಆ ಸಂಜೆ ಗೃಹದಲ್ಲಿ ಎಲ್ಲರೂ ನನ್ನನ್ನು ಸುತ್ತುವರಿದರು. ಕೊನೆಗೂ ನಿಮ್ಮಪ್ಪ ಎದ್ದು ನಿಂತರಂತಲ್ಲ ಎಂದು ಪಕ್ಕದ ಮಂಚದವಳು ಕಣ್ಣೀರು ಹಾಕಿದಳು. ವಾರ್ಡನ್ ಅಮ್ಮ, ಎಷ್ಟಾದರೂ ಹೆತ್ತ ಕರುಳು ಎಂದರು. ನಾನು ಯಾರನ್ನೂ ತಿದ್ದಲಿಲ್ಲ. ನನಗಾಗಿ ಅಲ್ಲ, ಬೀಟೆಯ ತುಂಡೊಂದಕ್ಕಾಗಿ ಎದ್ದರು ಎಂದು ಅವರಿಗೆ ಹೇಗೆ ಹೇಳುವುದು? ಹೇಳಲು ನನಗೇ ನಾಚಿಕೆ.

ವಕೀಲಮ್ಮ ನನ್ನನ್ನು ಹೊರಗೆ ಕರೆದು ಚೆನ್ನಾಗಿ ಬೈದರು. ನಿಮ್ಮಪ್ಪ ಏಳದೆ ಹೋಗಿದ್ದರೆ ನಿನ್ನ ಬಾಯಿಂದಲೇ ನೀನು ಕಳ್ಳಿಯಾಗುತ್ತಿದ್ದೆ, ಯಾವ ಧೈರ್ಯದ ಮೇಲೆ ಹಾಗೆ ಹೇಳಿದೆ ಎಂದು ಕೇಳಿದರು. ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಜೂನ್ ತಿಂಗಳಿಂದ ನಿಮ್ಮ ಪ್ರೀತಿಯನ್ನು ನೆಚ್ಚಿ ಕೂತಿದ್ದೆ. ಅದರಿಂದ ಬಂದದ್ದು ಒಂದು ಗಿಡ್ಡ ತೋಳಿನ ಸ್ವೆಟರ್. ಅದಕ್ಕೇ ಕೊನೆಗೆ ನಿಮ್ಮ ಜಂಬವನ್ನು ನಂಬಿದೆ. ಅದು ಕೈ ಕೊಡಲಿಲ್ಲ.

ನಿಮ್ಮನ್ನು ನೋಡಲು ನಾನು ಬರುವುದಿಲ್ಲ. ಅಮ್ಮ ಬರುತ್ತಾಳೆ, ಸೋಪು ತರುತ್ತಾಳೆ. ಅವಳ ಕೈಲಿ ನನಗೆ ಏನನ್ನೂ ಹೇಳಿ ಕಳಿಸಬೇಡಿ.

ಇನ್ನೊಂದು ಮಾತು. ಹಿಡಿ ಒರಟಾಗಿರಲಿಲ್ಲ ಅಪ್ಪ. ಆ ಮಾತು ಹೇಳಲು ನನ್ನ ನಾಲಿಗೆ ಸುಲಭಕ್ಕೆ ಹೊರಳಲಿಲ್ಲ. ಅಷ್ಟು ನುಣುಪಾದ ಕೆಲಸವನ್ನು ನಾನು ಬೇರೆಲ್ಲೂ ಕಂಡಿಲ್ಲ, ನನ್ನ ಒಂದೊಂದು ಬೆರಳೂ ಎಲ್ಲಿ ಕೂರುತ್ತದೆಂದು ನಿಮಗೆ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿದ್ದವರು ನಾನು ಕಳ್ಳಿ ಎಂದಾಗಲೇ ಏಳಬಹುದಿತ್ತು.

ಇಂತಿ,
ನಿಮ್ಮ ಮಗಳು